ಇಡೀ ಊರೇ ನಿಮ್ದು

20-1-2002, ಭಾನುವಾರ, ಸಂಜೆ

ಪೋಲಿಯೋ ಭಾನುವಾರ ಮುಗೀತು. ನಾಳೆಯಿಂದ ಮನೆಮನೆ ಸುತ್ತಬೇಕು. ಎಂಟಕ್ಕೆ ಬರ್ತೀವಿ ಅಂದ ಜೀಪು ಚೇಳೂರಿಂದ ಬಂದದ್ದು ಹತ್ತಕ್ಕೆ. ಅಷ್ಟೊತ್ತಿಗೆ ಅರ್ಧ ಜನ ತಾಯಂದಿರು ಮಕ್ಕಳನ್ನ ಕಂಕುಳಲ್ಲಿಟ್ಕೊಂಡು ಹೊಲಕ್ಕೆ ಹೋಗಿಯಾಗಿತ್ತು. ಬದುವಿನ ಮೇಲೆ ನಿಂತು ಒಬ್ಬೊಬ್ಬರನ್ನೇ ಕೂಗಿ ಕರೆದು ಹನಿ ಹಾಕಿದೆ. ಗಂಟಲು ಕಟ್ಟಿದೆ.

ಇವತ್ತು ಬಂದ ತಾಯಂದಿರಲ್ಲಿ ಎಷ್ಟೋ ಜನ ನನ್ನ ಕೈಯಲ್ಲೇ ಹುಟ್ಟಿದೋರು. ಇಪ್ಪತ್ತಾರು ವರ್ಷ, ಒಂದೇ ಸಬ್‌ಸೆಂಟರ್, ಒಂದೇ ಸೀಗೆಪಾಳ್ಯ. ನಡುವೆ ಒಮ್ಮೆ ಟ್ರಾನ್ಸ್‌ಫರ್ ಆಗಿತ್ತು. ಊರೋರು ಟ್ರಾಕ್ಟರ್ ತುಂಬ ಗುಬ್ಬಿಗೆ ಹೋಗಿ ಆಫೀಸಿನ ಮುಂದೆ ಕೂತು ಕ್ಯಾನ್ಸಲ್ ಮಾಡಿಸ್ಕೊಂಡು ಬಂದ್ರು.

ಮೇ 31ಕ್ಕೆ ರಿಟೈರ್. ಕ್ವಾರ್ಟರ್ಸ್ ಬಿಡಬೇಕು. ಇಲ್ಲೇ ಒಂದು ಸೈಟ್ ತಗೊಂಡು ಎರಡು ಕೋಣೆ ಹಾಕ್ಕೋಬೇಕು ಅಂತ ಆಸೆ. ಇವರಿಗೆ ಹೇಳಿದೆ. (ಗಂಡನ ಹೆಸರು ಬರೆಯೋಕೆ ಇವತ್ತಿಗೂ ನಾಚಿಕೆ. ಇವರು ಅಂದ್ರೆ ಇವರೇ.) ಜಗಲಿ ಮೇಲೆ ಇಸ್ಕೂಲ್ ಮಕ್ಕಳ ಖಾಕಿ ಚಡ್ಡಿ ಹೊಲೀತಾ ಕೂತಿದ್ರು. ತಲೆ ಎತ್ತದೆ, "ಕೇಳು, ಕೇಳು. ಯಜಮಾನ್ರನ್ನೇ ಕೇಳು" ಅಂದ್ರು.

23-1-2002

ಕೇಳಿದೆ. ಯಜಮಾನ ಅಂದ್ರೆ ಮೂಡಲಗಿರಿಯಪ್ಪ, ಊರಲ್ಲಿ ಮಾತು ನಡೆಯೋ ಮನುಷ್ಯ. ಅವನ ಮೂರು ಮಕ್ಕಳೂ ನನ್ನ ಕೈಯಲ್ಲೇ ಹುಟ್ಟಿದ್ದು.

"ಯಾಕೆ ಸಿಸ್ಟರ್ ಹಂಗಂತೀರಾ? ಇಡೀ ಊರೇ ನಿಮ್ದು. ಎಲ್ಲಿ ಬೇಕಾದ್ರೂ ಇರಿ."

"ಎಲ್ಲಿ ಅಂತ ತೋರ್ಸಿ ಯಜಮಾನ್ರೇ. ದುಡ್ಡು ಕೊಟ್ಟೇ ತಗೋತೀನಿ."

"ಆಯ್ತು ಬುಡಿ, ಸುಗ್ಗಿ ಕಳೀಲಿ."

ಕಾಫಿ ಕೊಟ್ರು. ಬರೋವಾಗ ನಾಲ್ಕು ತೆಂಗಿನಕಾಯಿ ಬ್ಯಾಗಿಗೆ ತುಂಬಿದ್ರು. ಮನೆಗೆ ಬಂದು ಹೇಳಿದ್ರೆ ಇವರು ನಕ್ಕರು. "ಇಡೀ ಊರು ನಿಂದಂತೆ. ಥರ್ಟಿ ಫಾರ್ಟಿ ಸೈಟ್ ಮಾತ್ರ ಕೇಳ್ಬಾರ್ದು."

ಸುಮ್ನಿರಿ ಅಂದೆ. ಎಲ್ಲದಕ್ಕೂ ಕೊಂಕು ಈ ಮನುಷ್ಯಂದು.

11-2-2002

ಮಗಳು ಗಿರಿಜ ಬಂದು ಹೋದ್ಲು. ರಿಟೈರ್ ಆದ್ಮೇಲೆ ತುಮಕೂರಿಗೆ ಬಂದ್ಬಿಡಿ, ನಮ್ಮ ಮನೆ ಹತ್ರಾನೇ ಬಾಡಿಗೆ ಮನೆ ನೋಡ್ತೀನಿ ಅಂತಾಳೆ. ಒಲ್ಲೆ ಅಂದೆ. ನಮ್ಮೂರು ಬಿಟ್ಟು ಎಲ್ಲಿಗೆ ಬರ್ಲಿ.

"ನಮ್ಮೂರಾ? ಅಮ್ಮ, ನಾನು ಹುಟ್ಟಿದ್ದು ಇದೇ ಕ್ವಾರ್ಟರ್ಸಲ್ಲಿ. ಇವತ್ತು ಬಸ್ಸಿಳಿದ್ರೆ ಏನಂದ್ರು ಗೊತ್ತಾ? ಸಿಸ್ಟರ್ ಮಗಳು ಬಂದವ್ಳೆ ಅಂದ್ರು. ಬೇರೆ ಹುಡುಗೀರು ತವರಿಗೆ ಬಂದ್ರೆ ನಮ್ ಹುಡುಗಿ ಅಂತಾರೆ."

ಬೈದೆ. ಅವಳು ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ಸೂಲಗಿತ್ತಿ ಸಿದ್ದಲಕ್ಷ್ಮಮ್ಮ. ನಾನು ನೌಕರಿಗೆ ಬಂದ ಹೊಸದ್ರಲ್ಲಿ ನನ್ನ ಕಂಡ್ರೆ ಹಲ್ಲು ಕಡೀತಿದ್ದ ಮುದುಕಿ. ನನ್ನ ನೋವು ಶುರುವಾದಾಗ ಅವಳೇ ಓಡಿ ಬಂದ್ಲು, ಬಾಣಂತನಾನೂ ಅವಳೇ ಮಾಡಿದ್ಲು. ಇದು ನಮ್ಮೂರಲ್ಲದೆ ಇನ್ನೇನು? ಈಗಿನ ಹುಡುಗೀರಿಗೆ ಎಲ್ಲಾದ್ರಲ್ಲೂ ಹುಳುಕೇ ಕಾಣುತ್ತೆ.

25-2-2002, ರಾತ್ರಿ 8

ಇವರಿಗೆ ಎದೆ ಉರಿ. ಗ್ಯಾಸು ಅಂತಾರೆ. ಬಿ.ಪಿ. ನೋಡಿದೆ, ಜಾಸ್ತಿ ಇದೆ. ನಾಳೆ ತುಮಕೂರಿಗೆ ಹೋಗೋಣ ಅಂದ್ರೆ, ಯಾರದೋ ಮದುವೆ ರವಿಕೆ ಕೊಡೋದಿದೆ, ನಾಡಿದ್ದು ನೋಡೋಣ ಅಂತಾರೆ. ಜೀರಿಗೆ ಕಷಾಯ ಕೊಟ್ಟೆ...

10-3-2002, ಮಧ್ಯಾಹ್ನ

ಬರೀಲೇಬೇಕು. ಬರೀದಿದ್ರೆ ಹುಚ್ಚು ಹಿಡಿಯುತ್ತೆ.

27ನೇ ತಾರೀಕು ಬೆಳಗಿನ ಜಾವ ಹೋಗಿಬಿಟ್ರು. ನೀರು ಕೇಳಿದ್ರು. ತಂದೆ. ಅಷ್ಟರಲ್ಲಿ ಇಲ್ಲ. ಊರೋರದೆಲ್ಲ ನಾಡಿ ನೋಡಿದೋಳು ನಾನು. ಗಂಡನ ಎದೆನೋವಿಗೆ ಜೀರಿಗೆ ಕಷಾಯ ಕೊಟ್ಟು ಮಲಗಿಸಿದೆ.

ಬೆಳಕು ಹರಿಯೋ ಹೊತ್ತಿಗೆ ಊರಿಗೆ ಊರೇ ಕ್ವಾರ್ಟರ್ಸ್ ಮುಂದೆ. ಯಾರ ಮನೇಲೂ ಒಲೆ ಹಚ್ಚಲಿಲ್ಲ. ಇಸ್ಕೂಲಿಗೆ ರಜ ಕೊಟ್ರು. ಇವರು ಹೊಲಿದ ಚಡ್ಡಿ ಹಾಕ್ಕೊಂಡ ಮಕ್ಕಳು ಸಾಲಾಗಿ ಬಂದು ಕಾಲು ಮುಟ್ಟಿ ಹೋದ್ವು. ಎಲ್ಲಾ ನಡೀತಾ ಇತ್ತು, ನಮ್ಮೋರು ಸತ್ತಾಗ ಹೆಂಗೋ ಹಂಗೆ. ನಾನು ಮೂಡಲಗಿರಿಯಪ್ಪನ್ನ ಕೇಳಿದೆ, "ಗುಣಿ ಎಲ್ಲಿ ತೆಗೆಸ್ತೀರಿ?"

ಆತ ನೆಲ ನೋಡ್ದ. "ಸಿಸ್ಟರ್... ಅಯ್ನೋರ ಊರು ಕುಣಿಗಲ್ ಕಡೆ ಅಲ್ವಾ?"

"ಊರು ಬಿಟ್ಟು ಮೂವತ್ತು ವರ್ಷದ ಮೇಲಾಯ್ತು."

"ಆದ್ರೂ ಅವರೂರು ಅದೇ ಅಲ್ವಾ."

ಇಲ್ಲಿ ಸ್ಮಶಾನ ಅಂತ ಬೇರೆ ಇಲ್ಲ. ಅವರವರ ಹೊಲದಲ್ಲಿ ಅವರವರು. ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಎಷ್ಟು ಮಣ್ಣಿಗೆ ಹೋಗಿದೀನಿ ನಾನು. ನಮಗೆ ಹೊಲ ಇಲ್ಲ ಅನ್ನೋದು ಮಾತ್ರ ಆ ಗಳಿಗೆವರೆಗೂ ತಲೆಗೆ ಬಂದಿರಲಿಲ್ಲ.

ನಿಮ್ಮ ಹೊಲದ ಒಂದು ಮೂಲೇಲಿ ಕೊಡಿ ಅಂದೆ. ಬಾಯಿಬಿಟ್ಟು ಬೇಡಿದೆ. ಆತ ತಮ್ಮನ ಮುಖ ನೋಡ್ದ. ತಮ್ಮ ಮೆತ್ತಗೆ ಅಂದ, "ತಪ್ಪು ತಿಳೀಬ್ಯಾಡಿ ಸಿಸ್ಟರ್. ಹೆಣ ಇಟ್ಟ ಜಾಗ ಬಿಟ್ಟಂಗೇಯ. ನಾಳೆ ನಿಮ್ ಮಗಳು ಬಂದು ಎಡೆ ಇಡ್ತಾಳೆ, ನಾಡಿದ್ದು ಕಲ್ಲು ಕಟ್ಟಿಸ್ತಾಳೆ. ಆಮ್ಯಾಕೆ ನಮ್ ಮಕ್ಳು ಅಲ್ಲಿ ನೇಗಿಲು ಕಟ್ಟಕ್ಕಾಯ್ತದಾ?"

ಜಾತಿ ಒಂದೇ, ಅದಲ್ಲ ತೊಂದರೆ. ಕೆಟ್ಟೋನೂ ಅಲ್ಲ ಅವನು. ಅವನ ಹೆಂಡತಿ ನನ್ನ ಪಕ್ಕದಲ್ಲಿ ಕೂತು ನನಗಿಂತ ಜೋರಾಗಿ ಅಳ್ತಿದ್ಲು. ಟೆಂಪೋ ತಂದೋನು ಮೂಡಲಗಿರಿಯಪ್ಪ. ಹೂವಿನ ಹಾರ, ಹೊಸ ಪಂಚೆ, ಊದುಬತ್ತಿ, ಎಲ್ಲಾ ಅವರೇ. ಆರಡಿ ಮಣ್ಣು ಬಿಟ್ಟು ಎಲ್ಲಾ ಕೊಟ್ರು.

ಅಳಿಯ ಚೇಳೂರಿನ ಬೂತಿಂದ ಕುಣಿಗಲ್ಲಿಗೆ ಫೋನ್ ಮಾಡ್ದ. ನಾವು ಇವರೂರು ಕೆಂಚನಕಟ್ಟೆ ಮುಟ್ಟಿದಾಗ ಎರಡು ಗಂಟೆ. ಗುಣಿ ತೆಗೆದು ರೆಡಿ ಇತ್ತು. ಮಾವನೋರ ಪಕ್ಕದಲ್ಲೇ. ಮೈದುನನ ಮಗ ರಂಗನಾಥ್ ಗುದ್ದಲಿ ಹಿಡ್ಕೊಂಡು ನಿಂತಿದ್ದ, ಮೈಯೆಲ್ಲ ಮಣ್ಣು. ಆ ಹುಡುಗನ್ನ ನಾನು ನೋಡಿದ್ದೇ ಮೂರೋ ನಾಲ್ಕೋ ಸಲ.

"ಇದು ದೊಡ್ಡಪ್ಪನ ಜಾಗನೇ ದೊಡ್ಡಮ್ಮ. ತಾತ ಹೋದಾಗ್ಲೇ ಬಿಟ್ಟಿದ್ವಿ."

ಪಾಲು ಬೇಡ ಅಂತ ಬರೆದುಕೊಟ್ಟು ಬಂದೋರು ಇವರು. ಹಬ್ಬಕ್ಕೆ ಕರೆದ್ರೂ ಹೋಗ್ತಿರಲಿಲ್ಲ. ಯಾಕೆ ಬರಲಿಲ್ಲ ಇಷ್ಟು ದಿನ ಅಂತ ಒಬ್ಬರೂ ಬೈಲಿಲ್ಲ. ಅಲ್ಲಿ ಒಬ್ಬರಿಗೂ ಇವರು ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೋತಾರೆ ಗೊತ್ತಿಲ್ಲ. ಆದ್ರೂ ಅವರ ಮಗ. ಸೀಗೆಪಾಳ್ಯದೋರು ನೆಂಟರ ಥರ ದೂರ ನಿಂತಿದ್ರು, ಕರೆದ್ಮೇಲೆ ಬಂದು ಒಂದೊಂದು ಹಿಡಿ ಮಣ್ಣು ಹಾಕಿದ್ರು. ಮೂಡಲಗಿರಿಯಪ್ಪ ಮಣ್ಣು ಹಾಕಿ ಅಲ್ಲೇ ಕುಸಿದು ಅತ್ತ. ಅವನ ಮೇಲೆ ಸಿಟ್ಟು ಮಾಡೋಕೂ ನನ್ನ ಕೈಲಾಗಲಿಲ್ಲ.

ರಾಮಾಂಜಿನಯ್ಯ. ಬರೆದೆ. ಇನ್ಯಾರ ಮುಂದೆ ನಾಚಿಕೆ.

31-5-2002

ರಿಟೈರ್ ಆದೆ. ಇಸ್ಕೂಲ್ ಮುಂದೆ ಶಾಮಿಯಾನ. 'ನಮ್ಮೂರ ಮಗಳು ಶ್ರೀಮತಿ ಲಕ್ಷ್ಮೀದೇವಮ್ಮನವರಿಗೆ ಬೀಳ್ಕೊಡುಗೆ' ಅಂತ ಬಟ್ಟೆ ಕಟ್ಟಿದ್ರು. ಚೇಳೂರಿನ ಡಾಕ್ಟರು ಹೊಗಳಿದ್ರು. ಶಾಲು, ಹಾರ, ಬೆಳ್ಳಿ ದೀಪ.

ಆಮೇಲೆ ಹೆಂಗಸರು ಮಡಿಲಕ್ಕಿ ತಂದ್ರು. ಮೊರದ ತುಂಬ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ. ತಂದೋರು ಹಂಗೇ ನಿಂತ್ರು. ಗಂಡ ಸತ್ತೋಳಿಗೆ ಮಡಿಲು ತುಂಬೋ ಪದ್ಧತಿ ಇಲ್ಲ ಅನ್ನೋದು ಮೊರ ಹೊತ್ತು ತರೋವರೆಗೂ ಯಾರಿಗೂ ನೆನಪಾಗಿಲ್ಲ. ಒಬ್ಬರ ಮುಖ ಒಬ್ಬರು ನೋಡ್ತಾರೆ. ನಾನು ಎಲ್ಲಿ ನೋಡ್ಲಿ ಅಂತ ಗೊತ್ತಾಗದೆ ಶಾಲಿನ ಅಂಚು ನೋಡ್ತಾ ಕೂತೆ.

ಸಿದ್ದಲಕ್ಷ್ಮಮ್ಮ ಕೋಲೂರ್ಕೊಂಡು ಎದ್ದು ಬಂದ್ಲು. ಮೊರ ಕಿತ್ಕೊಂಡ್ಲು. "ಮುಂಡೆಗೆ ಮುಂಡೆ ಕಟ್ತೀನಿ, ಯಾವೋಳು ಕೇಳೋಳು? ಸೆರಗೊಡ್ಡವ್ವ."

ಒಡ್ಡಿದೆ. ತುಂಬಿದ್ಲು. ಅವಳೂ ಅತ್ಲು, ನಾನೂ ಅತ್ತೆ.

ಮನೆಗೆ ಬಂದು ಗಂಟು ಮುಂದಿಟ್ಕೊಂಡು ಕೂತಿದೀನಿ. ಮಡಿಲಕ್ಕಿ ಕಟ್ಟೋದು ಊರು ಬಿಟ್ಟು ಹೋಗೋ ಮಗಳಿಗೆ. ಸಿದ್ದಲಕ್ಷ್ಮಮ್ಮನೂ ಹೊರಗಿಂದ ಬಂದೋಳೇ, ಹನ್ನೆರಡು ವರ್ಷಕ್ಕೆ, ಸೊಸೆಯಾಗಿ. ಅವಳಿಗೆ ಹುಣಸೆಮರದ ಕೆಳಗೆ ಗಂಡನ ಪಕ್ಕ ಜಾಗ ಇದೆ. ನನ್ನನ್ನ ಊರಿನ ಮಗಳು ಮಾಡ್ಕೊಂಡ್ರು. ಇವತ್ತು ನೂರು ಜನ ಬಂದು ಹೋಗ್ತಾ ಇರಿ ಸಿಸ್ಟರ್ ಅಂದ್ರು. ಇಲ್ಲೇ ಇರಿ ಅಂತ ಒಬ್ಬರೂ ಅನ್ನಲಿಲ್ಲ. ಅಂದಿದ್ರೆ ಬಾಡಿಗೆಗಾದ್ರೂ ಇರ್ತಿದ್ದೆ. ಅಂದಿದ್ರೆ ಸಾಕಿತ್ತು.

3-8-2002, ತುಮಕೂರು

ಗಿರಿಜಳ ಮನೆ ಹಿಂದಿನ ಬೀದಿ. ಒಂದು ರೂಮು, ಅಡಿಗೆಮನೆ. ಎರಡು ದಿನಕ್ಕೊಮ್ಮೆ ನೀರು.

ತರಕಾರಿಗೆ ಅಂತ ಹೋದೋಳು ಬಸ್‌ಸ್ಟಾಂಡಿಗೆ ಹೋದೆ. ಚೇಳೂರು ಬಸ್ಸು ನಿಂತಿತ್ತು. ಪರಿಚಯದೋರು ಯಾರಾದ್ರೂ ಇದಾರಾ ಅಂತ ಕಿಟಕಿ ಕಿಟಕಿ ನೋಡಿದೆ. ಹತ್ತಲಿಲ್ಲ. ಹತ್ತಿ ಹೋಗಿ ಯಾರ ಮನೆ ಬಾಗಿಲಲ್ಲಿ ಇಳೀಲಿ.

17-2-2003, ಕೆಂಚನಕಟ್ಟೆ

ತಿಥಿ ಲೆಕ್ಕದಲ್ಲಿ ನಿನ್ನೆ ವರ್ಷದ ಎಡೆ ಆಯ್ತು. ಗಿರಿಜ, ಅಳಿಯ ಬೆಳಿಗ್ಗೆ ಹೊರಟ್ರು. ನಾಲ್ಕು ದಿನ ಇದ್ದು ಹೋಗಿ ಅಂತ ಓರಗಿತ್ತಿ ಮಂಜುಳಮ್ಮ ಬಿಡಲಿಲ್ಲ. ರಂಗನಾಥನ ತಾಯಿ, ಒಳ್ಳೆ ಹೆಂಗಸು. ಈ ಊರಲ್ಲಿ ಎಲ್ಲಾ ನನ್ನ ಚೇಳೂರಮ್ಮ ಅಂತಾರೆ. ಮೊದಲ ಸಲ ಕೇಳಿದಾಗ ಬಚ್ಚಲಿಗೆ ಹೋಗಿ ಅತ್ತು ಬಂದೆ.

ಸಂಜೆ ಮಂಜುಳಮ್ಮ ಹೊಲದ ಕಡೆ ಕರ್ಕೊಂಡು ಹೋದ್ಲು. ಇವರ ಪಕ್ಕದಲ್ಲಿ ಬರೀ ನೆಲ, ಗಡಿ ಗುರುತಿಗೆ ನಾಲ್ಕು ಕಲ್ಲು.

"ಇದು ನಿಮ್ದು ಅಕ್ಕ. ರಂಗ ಇಲ್ಲಿ ರಾಗಿ ಹಾಕಲ್ಲ."

ಕೇಳದೇ ಕೊಟ್ರು. ಕೈ ಮುಗಿದೆ. ಕೃತಜ್ಞತೆ ಇದೆ, ಸುಳ್ಳಲ್ಲ. ಆದ್ರೆ ನನ್ನ ಮೇಲೆ ಮಣ್ಣು ಹಾಕೋರು ಯಾರೂ ನನ್ನ ಕಂಡೋರಲ್ಲ.

"ನಂಗೇನಾದ್ರೂ ಆದ್ರೆ ಸೀಗೆಪಾಳ್ಯಕ್ಕೆ ಹೇಳಿ ಕಳಿಸ್ತೀಯಾ ಮಂಜುಳ?"

"ಅಲ್ಲಿ ನೆಂಟ್ರಿದಾರಾ ಅಕ್ಕ?"

"ನೆಂಟರಲ್ಲ."

"ಹೆಸರು ಬರ್ಕೊಡಿ. ರಂಗ ಫೋನ್ ಮಾಡ್ತಾನೆ" ಅಂದ್ಲು.

ಬರೆಯೋಕೆ ಕೂತಿದೀನಿ. ಮೊದಲನೇದು ಸಿದ್ದಲಕ್ಷ್ಮಮ್ಮ — ಅಷ್ಟು ದಿನ ಅವಳಿದ್ರೆ. ಮೂಡಲಗಿರಿಯಪ್ಪ. ಹೊಡೆದು ಹಾಕಿದೆ. ಮತ್ತೆ ಬರೆದೆ, ಬರಲಿ. ಅವನ ತಮ್ಮ. ಅವನೂ ಬರಲಿ. ತಮ್ಮನ ಮಗಳು ಯಶಸ್ವಿನಿ, ಕಾಲು ಮುಂದಾಗಿ ಬಂದೋಳು, ಎರಡು ರಾತ್ರಿ ನಿದ್ದೆಗೆಡಿಸಿದೋಳು. ಕಾಳಯ್ಯನ ಮನೆ ಅವಳಿ. ಹಿಟ್ಟಿನ ಮಿಷನ್ ಹಜರಾ ಬೀ, ಅವಳ ಮಗ ಇಮ್ರಾನ್, ಜೀಪಲ್ಲೇ ಹುಟ್ಟಿದ್ದು. ಬಾವಿಮನೆ ದಯಾನಂದ, ನೀಲಿಯಾಗಿದ್ದ, ಅಳ್ಲೇ ಇಲ್ಲ, ಬೆನ್ನು ತಟ್ಟಿ ತಟ್ಟಿ ಕೈ ಸೋತು ಬಿಟ್ಟೇಬಿಡೋಣ ಅನ್ನೋವಾಗ ಕಿರ್ ಅಂದ. ಈಗ ಮೀಸೆ ಬಂದಿದೆ ಅವನಿಗೆ. ಹಾಳೆ ಮುಗೀತು, ಹಿಂದಿನ ಮಗ್ಗುಲಿಗೆ ಬಂದಿದೀನಿ. ಕೆರೆ ಕಡೆ ಬೀದಿ ಇನ್ನೂ ಶುರುನೇ ಮಾಡಿಲ್ಲ. ಅಲ್ಲಿ ಮೊದಲನೇ ಮನೆ —