ಆ ನಾಲ್ಕು ವರ್ಷದ ರುಜು

ಅಪ್ಪಾ,

ನೀನು ತೀರಿಹೋಗಿ ಏಳು ತಿಂಗಳಾಯಿತು. ಇವತ್ತು ನಾನು ಸೇರುತ್ತಿರುವ ಯೂನಿವರ್ಸಿಟಿಯಲ್ಲಿ ಮಾಜಿ ಸೈನಿಕರ ಕಚೇರಿಗೆ ಹೋಗಿದ್ದೆ. ಈ ಯೂನಿವರ್ಸಿಟಿ ಖಾಸಗಿಯವರದು. ಫೀಸು ಕೇಳಿದ್ದರೆ ನೀನು, "ಅಲ್ಲೇನು ಚಿನ್ನದ ಬೆಂಚು ಹಾಕಿದಾರಾ?" ಅನ್ನುತ್ತಿದ್ದೆ.

ಅಮೆರಿಕದ ನೌಕಾಪಡೆಯಿಂದ ನಿವೃತ್ತರಾಗಿ ಅಲ್ಲಿ ಕೆಲಸ ಮಾಡುವ ಡೋಲನ್ ಮೇಡಂ ಲೆಕ್ಕ ಹೇಳಿದರು. "ನಿಮ್ಮಪ್ಪನ ಸೇವೆಗೆ ಅಂತ ಸರ್ಕಾರ ನಿನ್ನ ಫೀಸಿಗೆ ಕೊಡೋದು ಕೊಡತ್ತೆ. ಮಿಕ್ಕಿದ್ದರಲ್ಲಿ ಅರ್ಧ ನಮ್ಮ ಯೂನಿವರ್ಸಿಟಿ, ಅರ್ಧ ಮತ್ತೆ ಸರ್ಕಾರವೇ. ನೀನು ಏನೂ ಕಟ್ಟೋ ಹಾಗಿಲ್ಲ."

"ಅಪ್ಪನಿಗೆ ಇಷ್ಟೆಲ್ಲ ಸುಮ್ನೆ ಸಿಕ್ತಾ?"

"ಸುಮ್ನೆನಾ? ಸೈನಿಕ ಸರ್ಕಾರದ ದುಡ್ಡಲ್ಲಿ ತಾನು ಓದೋ ಹಕ್ಕನ್ನ ಮಗಳಿಗೆ ಕೊಡ್ಬೇಕಂದ್ರೆ ಇನ್ನೂ ನಾಲ್ಕು ವರ್ಷ ಸೇವೆ ಮಾಡ್ತೀನಿ ಅಂತ ರುಜು ಹಾಕ್ಬೇಕು. ಈ ಕಾಗದದಲ್ಲಿ ನಿಮ್ಮಪ್ಪ ರುಜು ಹಾಕಿದ ತಾರೀಖು ನೋಡು."

ನೋಡಿದೆ. ನನ್ನ ಹನ್ನೆರಡನೇ ಹುಟ್ಟುಹಬ್ಬದ ವಾರ. ಸೈನ್ಯ ಬಿಟ್ಟು ಬರುತ್ತೇನೆಂದಿದ್ದ ನೀನು, ಇನ್ನೂ ನಾಲ್ಕು ವರ್ಷ ಇರುತ್ತೇನೆಂದು ಊಟಕ್ಕೆ ಕೂತಾಗ ಹೇಳಿದ ವಾರ ಅದು. "ನಿಂಗೆ ನನಗಿಂತ ಈ ಬೂಟೇ ಹೆಚ್ಚು!" ಎಂದು ಕಿರುಚಿ, ನಿನ್ನ ಬೂಟುಗಳನ್ನು ಆಗ ನಾವಿದ್ದ ಟಕೋಮಾ ಊರಿನ ಮಳೆಗೆ ಎಸೆದಿದ್ದೆ.

ನೀನು ಕಾರಣ ಹೇಳಲಿಲ್ಲ. ಹೊರಗೆ ಹೋಗಿ ಎರಡನ್ನೂ ಹುಡುಕಿ ತಂದು, ಕೆಸರು ಒರೆಸಿ, ಬಾಗಿಲ ಬಳಿ ಜೋಡಿಸಿಟ್ಟೆ. ಆಮೇಲೆ ನನ್ನ ಹೆಸರು ಹಿಡಿದು ಕರೆದು ಕೇಳಿದ್ದು ಒಂದೇ ಮಾತು:

"ಮಸಿನಾ, ಹೋಂವರ್ಕ್ ಮುಗೀತಾ?"

ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.