ಮೇನ್ ಒಂದು ಬಾಕಿ

ಅಪ್ಪಾ,

ನೀನು ತೀರಿಕೊಂಡಾಗಿನಿಂದ ಅಂಗಳದಲ್ಲೇ ನಿಂತಿದ್ದ, ಕಾರಿನ ಹಿಂದೆ ಎಳೆದು ಒಳಗೇ ಮಲಗುತ್ತಿದ್ದ ನಿನ್ನ ಪ್ರವಾಸದ ಟ್ರೈಲರಿಗೆ ಮೊನ್ನೆ ನೆಬ್ರಾಸ್ಕದ ಆಲಿಕಲ್ಲು ಬಡಿಯಿತು. ಚಾವಣಿ ಈಗ ಜರಡಿ. ನೀನು ಬಯಸಿದ್ದ, ಆಕಾಶ ಕಾಣುವ ಕಿಂಡಿ ಪುಕ್ಕಟೆ ಸಿಕ್ಕಿತು.

ಇವತ್ತು ವಿಮೆ ಕಂಪನಿಯ ಲೈಲ್ ಬಂದು ನೋಡಿದ. "ಇದರ ಕಥೆ ಮುಗೀತು ಮೇಡಂ. ಗುಜರಿಗೆ ಎಳ್ಕೊಂಡು ಹೋಗೋದಾ, ನೀವೇ ಇಟ್ಕೋತೀರಾ?"

"ಒಯ್ಯಿರಿ" ಎಂದೆ. ಮರುಕ್ಷಣ "ತಡೀರಿ" ಎಂದೆ. ಹೀಗೆ ಮೂರು ಸಲ.

"ಮುಂದಿನ ಆಲಿಕಲ್ಲಿನೊಳಗೆ ಹೇಳ್ತೀರಾ?" ಎಂದು ನಕ್ಕು, ಅವನು ಟ್ರೈಲರಿನ ಬಾಗಿಲ ಮೇಲಿನ ನಿನ್ನ ಅಮೆರಿಕದ ನಕ್ಷೆ ನೋಡಿದ. ಒಂದು ರಾತ್ರಿಯಾದರೂ ಮಲಗಿದ ರಾಜ್ಯಕ್ಕೆ ಮಾತ್ರ ಸ್ಟಿಕರ್ ಎಂಬುದು ನಿನ್ನ ಕಾನೂನು. ರಸ್ತೆ ಮುಟ್ಟುವ ರಾಜ್ಯಗಳಲ್ಲಿ ಈಶಾನ್ಯ ಮೂಲೆಯ ಮೇನ್ ಒಂದೇ ಖಾಲಿ.

"ಅಲ್ಲಿಗ್ಯಾಕೆ ಹೋಗ್ಲಿಲ್ಲ?"

"ಜೊತೆಗೆ ಬರ್ಬೇಕಾದವರಿಗೆ ಪುರುಸೊತ್ತಿರ್ಲಿಲ್ಲ."

ಆ ಪುರುಸೊತ್ತಿಲ್ಲದವಳು ನಾನೇ ಎಂದು ಅವನಿಗೆ ಹೊಳೆದಿರಬೇಕು. 'ಇಟ್ಟುಕೊಳ್ಳುತ್ತಾರೆ' ಎಂದು ಬರೆದುಕೊಂಡ. ನಾನು ಹಾಗೆಂದೆನೇ ಅಪ್ಪಾ? ಈಗ ಚಾವಣಿಗೆ ಹೊದಿಸಲು ಟಾರ್ಪಾಲು ಹುಡುಕುತ್ತಿದ್ದೇನೆ. ಅದನ್ನು ನೀನು ಎಲ್ಲಿಟ್ಟಿದ್ದೆ?

ವರ್ನಾ