ಎರಡೂ ಕಾಲಿನ ಅಳತೆ

ಅಪ್ಪಾ,

ನಿಮ್ಮ ಮೊಮ್ಮಗಳು ಈಗ ನಾನು ಸ್ಕ್ಯಾನಿಂಗ್ ಮಾಡುವ ಆಸ್ಪತ್ರೆಯಲ್ಲೇ ಫಿಸಿಯೋಥೆರಪಿಸ್ಟ್. ಇಂದು ಲಾರಿ ಚಾಲಕರೊಬ್ಬರು ಮೀನಖಂಡದ ನೋವೆಂದು ಬಂದರು.

“ಉಳುಕಿದೆ ಕಣಮ್ಮ, ಚೆನ್ನಾಗಿ ತಿಕ್ಕಿಬಿಡು.”

ಅವಳು ತಿಕ್ಕದೆ, ಟೇಪು ತೆಗೆದು ಎರಡೂ ಕಾಲುಗಳನ್ನು ಅಳೆದಳು. ಎಡಗಾಲಿನ ಸುತ್ತಳತೆ ಬಲಗಾಲಿಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು.

“ಏನಮ್ಮ, ಪ್ಯಾಂಟು ಹೊಲೀತೀಯಾ?”

“ಮೊದಲು ಸ್ಕ್ಯಾನ್ ಅಣ್ಣ, ಆಮೇಲೆ ಪ್ಯಾಂಟು.”

ಸ್ಕ್ಯಾನ್ ಮಾಡಿದವನು ನಾನೇ. ಆಳದ ರಕ್ತನಾಳದಲ್ಲಿ ಹೆಪ್ಪು ತೊಡೆಯವರೆಗೆ ಏರಿತ್ತು. ತಿಕ್ಕಿದ್ದರೆ ಕಳಚಿ ಶ್ವಾಸಕೋಶ ಸೇರಿ ಜೀವವೇ ಹೋಗಬಹುದಿತ್ತು. ಹೆಪ್ಪು ಬೆಳೆಯದಂತೆ ತಡೆಯುವ ಚುಚ್ಚುಮದ್ದು ತಕ್ಷಣ ಆರಂಭವಾಯಿತು. ವೈದ್ಯರು ಎಲ್ಲರೆದುರು ಅವಳನ್ನು ಹೊಗಳಿದಾಗ ನನ್ನ ಎದೆಯುಬ್ಬಿತು.

“ತಿಕ್ಕಬಾರದೆಂದು ಹೇಗೆ ಹೊಳೆಯಿತು?” ಎಂದು ಕೇಳಿದೆ.

“ಚಿಕ್ಕಂದಿನಿಂದ ನೀವೇ ಹೇಳ್ತಿದ್ರಲ್ಲಪ್ಪ, ಊದಿದ ಕಾಲು ಮುಟ್ಟಬೇಡ ಅಂತ.”

ನೀವು ತೀರಿಕೊಂಡ ವಾರ ನಿಮ್ಮ ಊದಿದ ಕಾಲನ್ನು ದಿನವೂ ತಿಕ್ಕಿದವನು ಯಾರೆಂದು ಅವಳಿಗೆ ಇನ್ನೂ ಹೇಳಿಲ್ಲ.